ಕೆಂಚೇಶನ ಸೆಷನ್ನು

ಎಡವಟ್ಟು ಶುರುವಾದದ್ದು ಒಂದೇ ಒಂದು ಮಾತಿನಿಂದ. ಬೆಳಿಗ್ಗೆ ಹಾಲು ಕೊಡಲು ಬಂದ ಮನೆ ಒಡತಿ ಉಚ್ಚಂಗಮ್ಮನಿಗೆ ಕೆಂಚೇಶ್, “ಅಮ್ಮಾ, ಸಂಜೆ ನಂಗೆ ಸೆಷನ್ ಐತೆ, ಯಾರೂ ಬಾಗ್ಲು ಬಡಿಬ್ಯಾಡ್ರಿ” ಅಂದುಬಿಟ್ಟ.

ಪಾಪ, ಅವನು ಹೇಳಿದ್ದು ಬೇರೆ. ತರಬೇತಿಯಲ್ಲಿರುವ ಡಾಕ್ಟರುಗಳನ್ನೆಲ್ಲ ಕಾಲೇಜಿನವರು ವಾರಕ್ಕೊಮ್ಮೆ ಮೊಬೈಲಿನಲ್ಲೇ ಕೂಡಿಸಿ ಒಂದಿಷ್ಟು ಪಾಠ ಹೇಳಿ, ಒಂದಿಷ್ಟು ಕಷ್ಟಸುಖ ಕೇಳುತ್ತಿದ್ದರು. ಬಸವಾಪಟ್ಟಣದ ಈ ಹುಡುಗ ಜಗಳೂರಿನ ಆಸ್ಪತ್ರೆಗೆ ಹೌಸ್ ಸರ್ಜನ್ ಆಗಿ ಬಂದಾಗಿನಿಂದ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ತೀರಾ ಸೋತುಹೋದ ಒಬ್ಬರಿಗೆ ಈ ಸಲ ಸೆಷನ್ ನಡೆಸುವ ದುರ್ಗಾಂಬಿಕಾ ಮೇಡಂ ಒಂದು ವಾರ ರಜೆ ಕೊಡಿಸುತ್ತಾರಂತೆ. ಊರಿಗೆ ಹೋಗಬೇಕು, ಅವ್ವನ ಕೈಯ ಮುದ್ದೆ ಉಂಡು ಗೊರಕೆ ಹೊಡೆಯಬೇಕು. ಅದೊಂದೇ ಅವನ ಆಸೆ.

ಉಚ್ಚಂಗಮ್ಮನಿಗೆ ಗೊತ್ತಿದ್ದ ಸೆಷನ್ ಅಂದರೆ ಸೆಷನ್ಸ್ ಕೋರ್ಟು. ಹೊಲದ ಬಡಿದಾಟದ ಕೇಸಿನಲ್ಲಿ ಅವಳ ಗಂಡ ಅಲ್ಲಿಗೆ ಅಲೆದೂ ಅಲೆದೂ ಸುಣ್ಣವಾಗಿದ್ದ.

“ಅದಕ್ಕೆ ದಾವಣಗೆರೆಗೆ ಹೋಗ್ಬೇಕೇನಪ್ಪಾ?” ಎಂದಳು ಎದೆ ಹಿಡಿದುಕೊಂಡು.

“ಇಲ್ಲಮ್ಮಾ, ಈಗೆಲ್ಲಾ ಮೊಬೈಲ್‌ನಾಗೇ. ಹಾಜರಾಗ್ಲಿಲ್ಲ ಅಂದ್ರೆ ನನ್ ಕತೆ ಮುಗೀತು!”

ಅಷ್ಟು ಸಾಕಾಯಿತು. ಕೆಂಚೇಶ್ ಆಸ್ಪತ್ರೆ ಮುಟ್ಟುವ ಮೊದಲೇ ಡಾಕ್ಟ್ರ ಮೇಲೆ ಕೇಸಂತೆ ಅನ್ನೋ ಸುದ್ದಿ ಮುಟ್ಟಿತ್ತು. ಅವನು ಸಿರಿಂಜ್ ಎತ್ತಿಕೊಂಡದ್ದೇ ತಡ, ಜ್ವರದಿಂದ ನರಳುತ್ತಿದ್ದವನು “ಆರಾಮಾತ್ರೀ!” ಎಂದು ಎದ್ದು ಓಡಿದ. ನರ್ಸ್ ಸಂಧ್ಯಾರಾಣಿ ಹತ್ತಿರ ಬಂದು, “ಸಾರ್, ಸಂಜೆ ಏನ್ ಕೇಳಿದ್ರೂ ಒಪ್ಕೋಬ್ಯಾಡ್ರಿ” ಎಂದು ಪಿಸುಗುಟ್ಟಿದಳು.

“ಅಯ್ಯೋ, ಎಲ್ಲಾ ಬಾಯಿಬಿಟ್ಟು ಹೇಳ್ಬೇಕು ಸಿಸ್ಟರ್. ಹೇಳಿದ್ರೇನೇ ಮನೆಗೆ ಬಿಡೋದು.”

ಸಂಧ್ಯಾರಾಣಿ ಕಣ್ಣೊರೆಸಿಕೊಂಡು ಹೋದಳು. ಇವಳಿಗೇನು ಬಂತಪ್ಪಾ ಎಂದುಕೊಂಡ ಕೆಂಚೇಶ್. ಅವನಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೇಡಂ ಮುಂದೆ ಹೇಳಬೇಕಾದ್ದನ್ನು ಗೊಣಗುತ್ತಾ ವರಾಂಡದ ಉದ್ದಕ್ಕೂ ಓಡಾಡಿದ, ಗಡಿಯಾರ ನೋಡಿದ, ಮತ್ತೆ ಓಡಾಡಿದ. ನೋಡಿದವರೆಲ್ಲ ಲೊಚಗುಟ್ಟಿದರು.

ಸಂಜೆ ರೂಮಿನ ಚಿಲಕ ಹಾಕಿಕೊಂಡು ಕೂತ. ಮೊಬೈಲಿನ ತುಂಬ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಆಸ್ಪತ್ರೆಗಳನ್ನು ಸೇರಿದ್ದ ಗೆಳೆಯರ ಬಾಡಿದ ಬದನೆಕಾಯಿಯಂಥ ಮುಖಗಳು. ನ್ಯಾಮತಿಯ ಅರ್ಪಿತಾ ಮಾತಾಡುತ್ತಾ ಅತ್ತೇಬಿಟ್ಟಳು. ಆಮೇಲೆ ಇವನ ಸರದಿ ಬಂತು.

“ಕೆಂಚೇಶ್, ನಿಮಗೆ ಅಲ್ಲಿ ಯಾರಿದ್ದಾರೆ?” ಎಂದರು ಮೇಡಂ.

“ಯಾರೂ ಇಲ್ಲ ಮೇಡಂ. ಸತ್ರೂ ಕೇಳೋರಿಲ್ಲ.” ಎಂದು ಅವನು ಜೋರಾಗಿಯೇ ಗೋಳಿಟ್ಟ.

“ಅಯ್ಯೋ ನನ್ನಪ್ಪಾ, ನಾವಿಲ್ವೇನೋ!” ಎಂಬ ಕೂಗು ಬಾಗಿಲಾಚೆಯಿಂದ ಕೇಳಿತು.

ಚಿಲಕ ಕಿತ್ತು ಬಾಗಿಲು ದಢಾರನೆ ತೆರೆಯಿತು. ಮುಂದೆ ಉಚ್ಚಂಗಮ್ಮ, ಪಕ್ಕದಲ್ಲಿ ಸಂಧ್ಯಾರಾಣಿ, ಎದುರುಮನೆಯ ಸಣ್ಣತಿಮ್ಮಪ್ಪ, ಅವರ ಹಿಂದೆ ಅರ್ಧ ಬೀದಿ. ಸಣ್ಣತಿಮ್ಮಪ್ಪ ಹೆಗಲ ಟವಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೊಬೈಲಿಗೆ ಕೈಮುಗಿದ.

“ಖಾವಂದ್ರೇ, ಹುಡುಗ ಭಾಳ ಒಳ್ಳೇನು! ಜಾಮೀನಿಗೆ ನಾನು ನಿಲ್ತೀನ್ರಿ!”

“ನಾನೂ ನಿಲ್ತೀನಿ! ಊಟಾನೂ ನಾನೇ ಹಾಕ್ತೀನಿ ತಾಯೀ!” ಎಂದಳು ಉಚ್ಚಂಗಮ್ಮ.

“ಥೂ, ಹೊರಗ್ ನಡೀರಿ!” ಎಂದು ತಳ್ಳಲು ಹೋದ ಕೆಂಚೇಶ್ ಚಾರ್ಜರಿನ ವೈರಿಗೆ ಕಾಲು ಸಿಕ್ಕಿ ಮುಗ್ಗರಿಸಿದ. ಹತ್ತಾರು ಕೈ ಅವನನ್ನು ಎತ್ತಿ ಹಿಡಿದವು.

ದುರ್ಗಾಂಬಿಕಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನೋಡ್ರಪ್ಪಾ, ಇವರಿಗೆ ಜಾಮೀನು ನಿಲ್ಲೋಕೆ ಇಡೀ ಬೀದಿಯೇ ತಯಾರಿದೆ! ರಜೆ ಅರ್ಪಿತಾಗೆ ಇರಲಿ. ಕೆಂಚೇಶ್, ಇಂಥ ಜನರನ್ನ ಬಿಟ್ಟು ಎಲ್ಲೂ ಹೋಗಬೇಡಿ. ಮುಂದಿನ ವಾರದಿಂದ ಸೆಷನ್ ನೀವೇ ನಡೆಸಿ.”

“ಮೇಡಂ, ಅದು...” ಅನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಮೊದಲು ಬಾಯಿ ಬಿಟ್ಟವಳು ಉಚ್ಚಂಗಮ್ಮ. “ಕೇಳಿದ್ರೇನ್ರೋ? ಸೆಷನ್ನ ಇವ್ರೇ ನಡೆಸ್ಬೇಕಂತೆ! ಕೇಸು ಬಿಟ್ಟಿದ್ದಲ್ದೆ ಜಡ್ಜೇ ಮಾಡಿಬಿಟ್ರಲ್ರೋ!”

ಕೆಂಚೇಶ್ ಹೇಗೋ ಎಲ್ಲರನ್ನೂ ಹೊರಗೆ ಹಾಕಿ, ಮುರಿದ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಮುಸುಕೆಳೆದುಕೊಂಡು ಬಿದ್ದುಕೊಂಡ. ರಜೆ ಹಾಳಾಗಲಿ, ಈ ಒಂದು ನಿದ್ದೆಯಾದರೂ ಆಗಲಿ ಅಂದುಕೊಂಡು ಕಣ್ಣು ಮುಚ್ಚಿದ.

ಕುರ್ಚಿ ಮೆಲ್ಲಗೆ ಸರಿಯಿತು. ಬಾಗಿಲ ಸಂದಿಯಲ್ಲಿ ಸಣ್ಣತಿಮ್ಮಪ್ಪನ ತಲೆ, ಅದರ ಹಿಂದೆ ಮಾತು ಬಿಟ್ಟಿದ್ದ ಅವನ ಅಣ್ಣನ ತಲೆ, ಅದರಾಚೆ ಬೀದಿಯವರೆಗೂ ಸಾಲು.

“ಖಾವಂದ್ರೇ, ಮಲಗಿದ್ರಾ? ನಮ್ ಹೊಲದ ಬದುವಿಂದು ಸ್ವಲ್ಪ ವಿಚಾರಣೆ ಆಗ್ಬೇಕಿತ್ತು.”