ಮೂರನೇ ಬೆಂಚಿನ ಒಂಟಿತನ

ವಿಯೆನ್ನಾ ನಗರದ ಸಂತ ಕೊಲೊಮಾನರ ಇಗರ್ಜಿಯಲ್ಲಿ ಜನರು ಪ್ರಾರ್ಥನೆ ಮಾಡುತ್ತಿರುವುದು ನಿಯಮಬಾಹಿರವೆಂದು ಕಳೆದ ವಸಂತದಲ್ಲಿ ಕಂಡುಬಂತು. ದೇವರು ದೊಡ್ಡವನು, ತಪ್ಪು ಬೇಗನೆ ಗೊತ್ತಾಯಿತು.

ನಾನು ಆ ಇಗರ್ಜಿಯಲ್ಲಿ ಗಂಟೆ ಹೊಡೆಯುವ, ಮೇಣದಬತ್ತಿ ಹಚ್ಚುವ ಸೇವಕ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡವನು.

ಬಹಳ ಹಿಂದೆ ನಮ್ಮಲ್ಲಿ ಒಂದು ಕಪ್ಪುಬಿಳುಪು ಸಿನಿಮಾ ತೆಗೆದಿದ್ದರು. ಅದರಲ್ಲಿ ಒಬ್ಬಳು ರೈಲಿನಿಂದ ಒಂಟಿಯಾಗಿ ಇಳಿದು, ನಮ್ಮ ಖಾಲಿ ಇಗರ್ಜಿಯ ಮೂರನೇ ಬೆಂಚಿನಲ್ಲಿ ಕೂತು, ಕೈಗವಸು ಬಿಚ್ಚಿ, ಒಂದು ಮಾತೂ ಆಡದೆ ಮತ್ತೆ ರೈಲು ಹತ್ತುತ್ತಾಳೆ. ಇಷ್ಟೇ ಕಥೆ. ಇದನ್ನು ನೋಡಿ ಅತ್ತವರು ಯುರೋಪಿನ ತುಂಬ ಇದ್ದಾರೆ. ಬೆಳಗಿನ ರೈಲಿಗೆ ಒಬ್ಬೊಬ್ಬರಾಗಿ ಬಂದು, ಆ ಬೆಂಚಿನಲ್ಲಿ ಕೂತು, ಕೈಗವಸು ಬಿಚ್ಚಿ, ಸಂಜೆಯ ರೈಲಿಗೆ ಹೊರಟುಹೋಗುತ್ತಾರೆ.

ಈ ಭಕ್ತಿಗೊಂದು ಶಿಸ್ತು ತರಲು ಚಿತ್ರಸ್ಮೃತಿ ಇಲಾಖೆ ಹುಟ್ಟಿತು. ಅದರ ಅಧಿಕಾರಿ ಮಾಗಿಸ್ಟರ್ ವೋಂದ್ರಾಕ್. ಮಾಗಿಸ್ಟರ್ ಎಂಬುದು ಅವರ ಪದವಿ. ನಮ್ಮ ಊರಿನಲ್ಲಿ ಪದವಿ ಬಿಟ್ಟು ಬರೀ ಹೆಸರು ಹಿಡಿದು ಕರೆದರೆ ಓದಿದವರಿಗೆ ಕಿವಿ ಕೇಳಿಸುವುದಿಲ್ಲ. ಅವರು ಬಾಗಿಲಿಗೆ ಪ್ರಕಟಣೆ ಅಂಟಿಸಿದರು:

"ಚಿತ್ರದಲ್ಲಿ ಇಗರ್ಜಿಯು ಖಾಲಿ ಇರುವುದರಿಂದ ಇಗರ್ಜಿಯು ಖಾಲಿ ಇರತಕ್ಕದ್ದು. ಒಮ್ಮೆಗೆ ಒಬ್ಬ ಒಂಟಿ ಸಂದರ್ಶಕರಿಗೆ ಮಾತ್ರ ಪ್ರವೇಶ. ಒಂಟಿತನದ ಚೀಟಿಯನ್ನು ಕಿಟಕಿಯಲ್ಲಿ ಕೊಳ್ಳತಕ್ಕದ್ದು. ಆರ್ಗನ್ ವಾದನ ಸಹಿತ ಗಾಢ ಒಂಟಿತನಕ್ಕೆ ಪ್ರತ್ಯೇಕ ದರ. ಪ್ರಾರ್ಥಿಸುವವರು ಚಿತ್ರದಲ್ಲಿ ಎಲ್ಲಿಯೂ ಕಾಣದ ಕಾರಣ ಹೊರಗಿರತಕ್ಕದ್ದು."

ನಮ್ಮ ಕಿಲಿಯಾನ್ ಪಾದ್ರಿಗಳು ಗೊಣಗಲಿಲ್ಲ. ಭಾನುವಾರದ ಪೂಜೆಯನ್ನು ತಾವು ವಸ್ತ್ರ ಧರಿಸುವ ಕೋಣೆಗೆ ಸಾಗಿಸಿದರು. ಕಪಾಟುಗಳ ನಡುವೆ ಭಕ್ತರ ಇಡೀ ಸಭೆ ಹಿಡಿಸಿತು. ನೆರೆಯವರನ್ನು ಅಷ್ಟು ಹತ್ತಿರದಿಂದ ನಾವು ಹಿಂದೆಂದೂ ಪ್ರೀತಿಸಿದ್ದಿಲ್ಲ.

ಹೊರಗೆ ಒಂಟಿಗಳ ಸಾಲು ಬೆಳೆಯಿತು. ನಿಂತು ನಿಂತು ಬೇಜಾರಾಗಿ ಅವರು ಒಬ್ಬರಿಗೊಬ್ಬರು ಬನ್ನು ಹಂಚಿಕೊಂಡರು, ಊರುಕೇರಿ ವಿಚಾರಿಸಿಕೊಂಡರು, ನಕ್ಕರು. ಇದು ಇಲಾಖೆಯ ಗಮನಕ್ಕೆ ಬಂತು. ಸಾಲಿನಲ್ಲಿ ಪರಿಚಯವಾದವರ ಒಂಟಿತನ ರದ್ದಾಗತಕ್ಕದ್ದು ಎಂಬ ಎರಡನೇ ಪ್ರಕಟಣೆ ಹೊರಬಿತ್ತು. ಅಂದಿನಿಂದ ಎಲ್ಲರೂ ತಲೆತಗ್ಗಿಸಿ ಮೌನವಾಗಿ ನಿಲ್ಲತೊಡಗಿದರು. ದೇವರ ಬಾಗಿಲಲ್ಲಿ ಅಷ್ಟು ಜನ ಅಷ್ಟು ಮೌನವಾಗಿ ನಿಂತದ್ದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ಹೀಗಿರುವಾಗ ಒಂದು ಶುಕ್ರವಾರ ಗಡಿಯಾಚೆಯ ಬ್ರನೋ ಊರಿನಿಂದ ಯಾರ್ಮಿಲಾ ಎಂಬ ವಯಸ್ಸಾದ ಹೆಂಗಸು ಬಂದರು. ಮೌನವಾಗಿ ನಿಂತು ಮಧ್ಯಾಹ್ನ ಕಳೆದ ಮೇಲೆ ಕಿಟಕಿ ತಲುಪಿದರು.

"ಒಬ್ರೇನಾ?" ಎಂದರು ವೋಂದ್ರಾಕ್.

"ಒಬ್ಳೇ. ಅಕ್ಕನ ಜೊತೆ ಬರಬೇಕಿತ್ತು. ಸಿನಿಮಾ ನೋಡಿದಾಗ ಗಡಿ ಮುಚ್ಚಿತ್ತು. ಗಡಿ ತೆಗೆದಾಗ ಅವಳಿಗೆ ಕಾಲು ನಡೀತಿರಲಿಲ್ಲ. ಈಗ ಅವಳೇ ಇಲ್ಲ. ಅವಳ ಗ್ಲೌಸು ತಂದಿದೀನಿ."

"ನೀವು ಹಾಕ್ಕೊಂಡಿರೋದು?"

"ಇದು ನಂದು."

"ಎರಡು ಜೊತೆ ಗ್ಲೌಸು. ಅಂದ್ರೆ ಇಬ್ರು."

"ಅವಳು ತೀರಿಕೊಂಡಿದಾಳೆ ಸಾಹೇಬ್ರೆ."

"ಅದನ್ನ ನೀವು ಹೇಳ್ತಿದೀರಿ," ಎಂದು ವೋಂದ್ರಾಕ್ ಸೌಜನ್ಯದಿಂದ ಅವರನ್ನು ಪಕ್ಕಕ್ಕೆ ನಿಲ್ಲಿಸಿದರು.

ಪಕ್ಕದಲ್ಲಿ ಆಗಲೇ ನಮ್ಮ ಸಭೆಯ ಫ್ರೌ, ಅಂದರೆ ಶ್ರೀಮತಿ, ಹೆರ್ಮೀನೆ ನಿಂತಿದ್ದರು. ಮೂರನೇ ಬೆಂಚಿನ ಹಿತ್ತಾಳೆ ಫಲಕದಲ್ಲಿರುವುದು ಅವರದೇ ಮನೆತನದ ಹೆಸರು. ಅಂದು ಅವರ ಗಂಡ ತೀರಿಕೊಂಡ ದಿನ. ಪ್ರತಿವರ್ಷ ಆ ದಿನ ಅಲ್ಲಿ ಕೂತು ಜಪಸರ ಹಿಡಿಯುವುದು ಅವರ ವಾಡಿಕೆ. ಆದರೆ ಇದೇ ಊರಿನವರನ್ನು ಒಂಟಿಗಳೆಂದು ಪರಿಗಣಿಸಲು ಅವಕಾಶವಿರಲಿಲ್ಲ.

ಸಂಜೆಯ ರೈಲು ಹತ್ತಿರವಾಗುತ್ತಿತ್ತು. ನಾನು ಸಂತ ಕೊಲೊಮಾನರನ್ನು ನೆನೆದೆ. ಭಾಷೆ ಬಾರದ ದಾರಿಹೋಕರಾಗಿದ್ದ ಅವರನ್ನು ಗೂಢಚಾರರೆಂದು ಸಂಶಯಪಟ್ಟು ನಮ್ಮ ದೇಶದಲ್ಲೇ ಗಲ್ಲಿಗೇರಿಸಿದ್ದರಂತೆ. ಹೀಗಾಗಿ ಅಧಿಕಾರಿಗಳ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತು. ಅವರು ಪ್ರೇರಣೆ ಕೊಟ್ಟರು. ಹಿಂಬಾಗಿಲಿನ ಕೀಲಿ ನನ್ನ ಜೇಬಿನಲ್ಲೇ ಇತ್ತು.

ಇಬ್ಬರೂ ಮೂರನೇ ಬೆಂಚಿನಲ್ಲಿ ಕೂತರು.

"ಆ ಮೂಲೆ ಬಿಟ್ಟು ಕೂತ್ಕೊಳಮ್ಮ," ಎಂದರು ಹೆರ್ಮೀನೆ. "ಅದು ನಮ್ಮ ಯಜಮಾನ್ರು ಪಾದ್ರಿಗಳ ಪ್ರಸಂಗ ಶುರುವಾದ ತಕ್ಷಣ ನಿದ್ದೆ ಹೊಡೀತಿದ್ದ ಜಾಗ."

ಯಾರ್ಮಿಲಾ ಅಕ್ಕನ ಕೈಗವಸುಗಳನ್ನು ತೆಗೆದು ಆ ಮೂಲೆಯಲ್ಲೇ ಇಟ್ಟರು. "ಇವಳೂ ಸಿನಿಮಾದಲ್ಲಿ ಅರ್ಧಕ್ಕೇ ಗೊರಕೆ ಹೊಡೀತಿದ್ಲು. ಜೊತೆಗಿರಲಿ ಬಿಡಿ." ಆಮೇಲೆ ತಮ್ಮ ಕೈಗವಸು ಬಿಚ್ಚಿ, ಏನೂ ಮಾತಾಡದೆ ಕೂತರು. ಸಿನಿಮಾದಲ್ಲಿ ಇದ್ದದ್ದು ಇದೇ.

ಅಷ್ಟರಲ್ಲಿ ವೋಂದ್ರಾಕ್ ಒಳಬಂದು, ಒಳಗೆ ಇಬ್ಬರಿದ್ದಾರೆ ಎಂದರು. ಕೋಣೆಯಿಂದ ಹೊರಬಂದ ಪಾದ್ರಿಗಳು ಇಲ್ಲವೆಂದು ತಲೆಯಾಡಿಸಿದರು.

"ಒಬ್ರೇ, ಮಾಗಿಸ್ಟರ್ ಸಾಹೇಬ್ರೆ. ಕ್ರಿಸ್ತನನ್ನು ನಂಬಿದವರೆಲ್ಲ ಸೇರಿ ಒಂದೇ ದೇಹ. ಸತ್ತವರೂ ಸೇರಿ."

"ಇದು ನಿಯಮವೇ?"

"ಹೌದು."

"ಎಷ್ಟು ವರ್ಷದಿಂದ ಜಾರಿಯಲ್ಲಿದೆ?"

"ಸುಮಾರು ಎರಡು ಸಾವಿರ."

"ತಿದ್ದುಪಡಿ?"

"ಇದುವರೆಗೆ ಇಲ್ಲ."

ವೋಂದ್ರಾಕ್ ಟೋಪಿ ತೆಗೆದರು. ಅವರ ಇಲಾಖೆಯಲ್ಲಿ ಯಾವ ನಿಯಮವೂ ತಿದ್ದುಪಡಿಯಿಲ್ಲದೆ ಒಂದು ತಿಂಗಳು ಬದುಕಿದ್ದಿಲ್ಲ.

ಯಾರ್ಮಿಲಾಗೆ ರೈಲು ಸಿಕ್ಕಿತು. ಮರುವಾರ ಮೂರನೇ ಪ್ರಕಟಣೆ ಬಂತು: ಸಂತ ಕೊಲೊಮಾನರ ಸಭೆಯು ಇನ್ನು ಮುಂದೆ ಒಬ್ಬ ಒಂಟಿ ಸಂದರ್ಶಕ. ಗುರುತಿನ ಚೀಟಿಗಾಗಿ ಎಲ್ಲರೂ ಒತ್ತೊತ್ತಾಗಿ ನಿಂತು ಅಂಗೈಗಿಂತ ಚಿಕ್ಕದಾದ ಒಂದೇ ಫೋಟೋ ತೆಗೆಸಿಕೊಂಡೆವು. ಅದರಲ್ಲಿ ಸ್ಪಷ್ಟವಾಗಿ ಕಾಣುವುದು ಫ್ರೌ ಹೆರ್ಮೀನೆಯವರ ಟೋಪಿ ಮಾತ್ರ. ಬ್ರನೋದ ಯಾರ್ಮಿಲಾ ಮತ್ತು ಅವರ ಅಕ್ಕನನ್ನು ಇಲಾಖೆಯು ಸದರಿ ವ್ಯಕ್ತಿಯ ಎಡಗೈ, ಬಲಗೈ ಎಂದು ನಮೂದಿಸಿಕೊಂಡಿದೆ. ನಮ್ಮ ಗಾತ್ರ ನೋಡಿ, ಗಾಢ ಒಂಟಿತನದ ದರವನ್ನೇ ವಿಧಿಸಿದ್ದಾರೆ. ಕೊಡುತ್ತೇವೆ. ಪೂಜೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೈಗವಸು ಬಿಚ್ಚತಕ್ಕದ್ದು. ಜುಲೈ ತಿಂಗಳ ಸೆಕೆಯಲ್ಲೂ ಹಾಕಿಕೊಂಡು ಬಂದು ಬಿಚ್ಚುತ್ತೇವೆ.

ಹೊರಗಿನ ಸಾಲು ಈಗಲೂ ತಲೆತಗ್ಗಿಸಿ ಕಾಯುತ್ತದೆ. ಆರ್ಗನ್ ಮೊಳಗಿ ಒಳಗಿನಿಂದ ನಮ್ಮೆಲ್ಲರ ಹಾಡು ಕೇಳಿಬಂದಾಗ ಅವರು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಯಾರೋ ಪಾಪ, ತುಂಬ ಒಂಟಿ ಇರಬೇಕು ಎಂದುಕೊಳ್ಳುತ್ತಾರೆ.