ಮೇಷ್ಟ್ರ ಸ್ಪೀಕರಿಗೊಂದು ಜೋಡಿ

ಹೆದರಿದವರ ಮೇಲೆಯೇ ಹಾವು ಎಸೆಯುತ್ತಾರೆ ಅನ್ನುವ ಮಾತನ್ನು ನನ್ನನ್ನು ನೋಡಿಯೇ ಯಾರೋ ಕಟ್ಟಿರಬೇಕು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಆಂಪ್ಲಿಫೈಯರ್ ಅಂಗಡಿ. ಮನೆಯಲ್ಲಿ ಸ್ಪೀಕರ್ ಇದ್ದವರು ಬಂದು, ಇದಕ್ಕೆ ಹೊಂದುವ ಆಂಪ್ ಕೊಡಿ ಅನ್ನುತ್ತಾರೆ. ಹೊಂದಿದರೆ ಹಾಡು, ಹೊಂದದಿದ್ದರೆ ಹೊಗೆ. ಅದಕ್ಕೇ ನಾನು ಇವತ್ತಿಗೂ ಒಂದು ಕಣ್ಣು ಮುಚ್ಚಿಕೊಂಡೇ ಸ್ವಿಚ್ ಒತ್ತುತ್ತೇನೆ. ಇಂಥವನಿಗೆ ಪ್ರಸಂಗಗಳಿಗೇನು ಬರ? ಆದರೆ ಹೋದ ಶ್ರಾವಣದ ಒಂದು ವಾರದಲ್ಲಿ ಆದಷ್ಟು ಮತ್ಯಾವಾಗಲೂ ಆಗಿಲ್ಲ.

೧. ಸೋಮವಾರ

ಅಂಗಡಿ ಮುಂದೆ ಆಟೋ ನಿಂತಿತು. ಇಳಿದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು. ಅವರಿಗೀಗ ಎಪ್ಪತ್ತು ದಾಟಿದೆ, ನನಗೆ ನಲವತ್ತೆಂಟು. ಆದರೂ ಅವರನ್ನು ಕಂಡ ಕೂಡಲೇ ಕುಡಿಯುತ್ತಿದ್ದ ಚಹಾದ ಲೋಟವನ್ನು ಟೇಬಲ್ಲಿನ ಕೆಳಗೆ ಬಚ್ಚಿಟ್ಟೆ.

ಆಟೋದಲ್ಲಿ ಹಳೇ ಕಾಲದ ಒಂದು ಜೋಡಿ ಸ್ಪೀಕರ್ ಇದ್ದವು. ಮರದ ಪೆಟ್ಟಿಗೆ, ಒಳಗೆ ತೆಳು ಕಾಗದದ ಕೋನು. ಅವರ ಆಂಪ್ ಕೆಟ್ಟುಹೋಗಿತ್ತಂತೆ.

"ಇವು ಸುಟ್ರ ಮತ್ತ ಸಿಗೂದಿಲ್ಲ," ಅಂದರು ಮೇಷ್ಟ್ರು. "ಯಾವ ಆಂಪ್ ಹೊಂದ್ತದ ಲೆಕ್ಕ ಮಾಡಿ, ಶುಕ್ರವಾರ ಎಲ್ಲಾ ಮನಿಗೆ ತಗೊಂಡು ಬಾ. ಬರೇ ಉತ್ತರ ಬ್ಯಾಡ. ಹಂತ ಹಂತವಾಗಿ ಬರಿ."

ಆಗಲಿ ಸರ್ ಅಂದು ಸ್ಪೀಕರ್ ಇಳಿಸಿಕೊಂಡೆ. ಅವರ ಆಟೋ ತಿರುವು ದಾಟಿದ ಮೇಲೆಯೇ ನಾನು ಕೈಕಟ್ಟಿಕೊಂಡು ನಿಂತಿರುವುದು ನನಗೆ ತಿಳಿದದ್ದು. ಆ ಸಂಜೆ ಮನೆಯಲ್ಲಿ ಮಗಳ ಸ್ಕೇಲು, ಪೆನ್ಸಿಲ್ಲು, ಗಣಿತದ ನೋಟ್‌ಬುಕ್ಕು ಕೇಳಿದೆ. ಯಾವ ಪರೀಕ್ಷೆ ಅಪ್ಪಾ ಅಂದಳು. ಎಸ್ಸೆಸ್ಸೆಲ್ಸಿ, ಇನ್ನೊಂದ್ಸಲ ಅಂದೆ.

೨. ಸಿರುಗುಪ್ಪದ ಸ್ಟಾರ್ಟರು

ಮರುದಿನ ಸಿರುಗುಪ್ಪದ ಒಬ್ಬ ಗದ್ದೆ ಸಾಹುಕಾರರ ಮನೆಗೆ ಆಂಪ್ ಕೂಡಿಸಲು ಹೋದೆ. ಅವರು ನದಿ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು. ಎಷ್ಟೋ ಮೋಟರು ಸುಟ್ಟದ್ದನ್ನು ಕಣ್ಣಾರೆ ಕಂಡವರು. ಇದು ಎಷ್ಟು ಎಚ್‌ಪಿ ಅಂತ ಕೇಳಿದರು. ನೂರು ವ್ಯಾಟ್ ಅಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, ಒಂದು ಎಚ್‌ಪಿಯ ಏಳನೇ ಪಾಲು ಕೂಡ ಆಗಲಿಲ್ಲವಲ್ಲ, ಇದು ಹಾಡನ್ನು ಅಲ್ಲಿಂದ ಇಲ್ಲಿಗೆ ಎತ್ತುತ್ತದೆಯೇ ಅಂದರು. ಆಮೇಲೆ ಸ್ಟಾರ್ಟರ್ ಪೆಟ್ಟಿಗೆ ಎಲ್ಲಿ ಅಂತ ಹುಡುಕಿದರು.

ಸ್ಟಾರ್ಟರ್ ಇಲ್ಲದ್ದು ಕೇಳಿ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕಳಿಸಿದರು. ಅವರ ಹೆಂಡತಿ ತೆಲುಗಿನಲ್ಲಿ ಮನೆದೇವರನ್ನು ಕರೆಯತೊಡಗಿದರು. ಸಾಹುಕಾರರು ರಬ್ಬರ್ ಚಪ್ಪಲಿ ಮೆಟ್ಟಿ, ನನಗೂ ಒಂದು ಜೊತೆ ಮೆಟ್ಟಿಸಿ, ಒಣ ಕೋಲಿನಿಂದ ದೂರದಿಂದಲೇ ಸ್ವಿಚ್ ತಿವಿದರು. ಅವರ ಹೆದರಿಕೆ ನನಗೂ ಅಂಟಿ, ಈ ಸಲ ಎರಡೂ ಕಣ್ಣು ಮುಚ್ಚಿಕೊಂಡೆ. ಹಾಡು ಬಂತು. ಹೊಗೆ ಬರಲಿಲ್ಲ. ಅವರು ಅದೇ ಕೋಲಿನಿಂದ ಆರಿಸಿದರು.

ಎರಡು ದಿನ ಬಿಟ್ಟು ಫೋನ್ ಮಾಡಿ ಆಂಪ್ ಹೇಗಿದೆ ಅಂತ ಕೇಳಿದೆ.

"ಛಲೋ ಐತ್ರಿ. ಇನ್ನೂ ಸುಟ್ಟಿಲ್ಲ."

ಹಾಡು ಹೇಗೆ ಕೇಳಿಸುತ್ತಿದೆ ಅಂದೆ.

"ಹಚ್ಚಿದ್ರ ಸುಡ್ತೈತಲ್ರಿ," ಅಂದರು.

೩. ಕುರುಗೋಡಿನ ಮಾಳಿಗಿ

ಗುರುವಾರ ಕುರುಗೋಡಿನಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ನೌಕರಿಯವರು, ಜೊತೆಗೆ ವಯಸ್ಸಾದ ಅತ್ತೆ. ಹೊಸ ಸ್ಪೀಕರ್ ತಂದು, ಹಳೇ ಕಾರಿನ ಪುಟ್ಟ ಆಂಪಿಗೆ ಸಿಕ್ಕಿಸಿ, ಪೂರ್ತಿ ಜೋರು ತಿರುವಿದ್ದರು. ಸ್ಪೀಕರ್ ಗೊರಗೊರ ಅನ್ನುತ್ತಿತ್ತು. ಮಂದಿ ದೊಡ್ಡ ಆಂಪಿಗೆ ಹೆದರುತ್ತಾರೆ, ಆದರೆ ಶಕ್ತಿ ಮೀರಿ ಕಿರುಚುವ ಸಣ್ಣ ಆಂಪೇ ಸ್ಪೀಕರನ್ನು ಬೇಗ ಸುಡುತ್ತದೆ. ಹಾಗಂತ ಹೇಳಿ ದೊಡ್ಡದೊಂದನ್ನು ಕೂಡಿಸಿದೆ.

ಸ್ಪೀಕರಿನ ರೋಧ ಎಷ್ಟು ಓಮ್ ಅಂತ ನೋಡಿದ್ದೆ, ಆಂಪಿನ ವ್ಯಾಟ್ ನೋಡಿದ್ದೆ. ತಲೆಯೆತ್ತಿ ಮಾಳಿಗೆಯನ್ನು ಮಾತ್ರ ನೋಡಿರಲಿಲ್ಲ. ಅದು ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಹಾಡು ಹಚ್ಚಿದ ಕೂಡಲೇ, ಡೋಲಿನ ಮೊದಲ ಪೆಟ್ಟಿಗೆ ನನ್ನ ಚಹಾದಲ್ಲಿ ಮಣ್ಣು ಉದುರಿತು. ಎರಡನೇ ಪೆಟ್ಟಿಗೆ ಅತ್ತೆ ತಲೆಯ ಮೇಲೆ ಮೊರ ಹಿಡಿದುಕೊಂಡರು. ಮೂರನೆಯದಕ್ಕೆ ಜಂತಿಯ ಸಂದಿಯಿಂದ ಒಂದು ಕರಿ ಚೇಳು ಬಂದು ಆಂಪಿನ ಮೇಲೆ ಬಿತ್ತು. ಬಿದ್ದದ್ದು ಓಡಬೇಕೋ ಬೇಡವೋ? ಬೆಚ್ಚಗಿದೆ ಅಂತ ವಾಲ್ಯೂಮ್ ಗುಂಡಿಯ ಪಕ್ಕದಲ್ಲೇ ಕೂತಿತು.

ಈಗ ಹಾಡು ನಿಲ್ಲಿಸುವವರು ಯಾರು? ಹಾಡು ನಿಲ್ಲದೆ ಮಣ್ಣು ನಿಲ್ಲದು, ಚೇಳು ಏಳದೆ ಹಾಡು ನಿಲ್ಲದು. ಗಂಡ ಹೆಂಡತಿಯ ಕಡೆ ನೋಡಿದ, ಹೆಂಡತಿ ನನ್ನ ಕಡೆ ನೋಡಿದಳು, ನಾನು ಬಾಗಿಲ ಕಡೆ ನೋಡಿದೆ. ಕಡೆಗೆ ಬೀದಿಗೆ ಓಡಿ ಮೀಟರಿನ ಬಳಿ ಮೇನ್ ಸ್ವಿಚ್ಚನ್ನೇ ಇಳಿಸಿದೆ.

ಅತ್ತೆ ಮೊರ ಇಳಿಸದೆಯೇ ಹೇಳಿದರು: "ನಾ ಲಗ್ನ ಆಗಿ ಬಂದಾಗಿಂದ ಅದು ಮ್ಯಾಲ ಸುಮ್ನ ಇತ್ತು. ಪಾಪ, ನಿಮ್ಮ ಹಾಡಿಗೆ ಹೆದರಿ ಇಳಿದೈತಿ."

ಅವತ್ತಿನಿಂದ ಯಾರೇ ಆಂಪ್ ಕೇಳಿದರೂ ನನ್ನ ಮೊದಲ ಪ್ರಶ್ನೆ ಓಮ್ ಅಲ್ಲ, ವ್ಯಾಟ್ ಅಲ್ಲ. ಮನೆ ಆರ್‌ಸಿಸಿಯೋ ಮಾಳಿಗೆಯೋ ಅನ್ನುವುದು.

೪. ಶುಕ್ರವಾರದ ಪರೀಕ್ಷೆ

ಶುಕ್ರವಾರ ಮೇಷ್ಟ್ರ ಸ್ಪೀಕರುಗಳನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಅವರ ಮನೆಗೆ ಹೋದೆ. ಜೊತೆಗೆ ಎರಡು ಆಂಪ್: ಒಂದು ಸಣ್ಣದು, ಒಂದು ದೊಡ್ಡದು. ಜೇಬಿನಲ್ಲಿ ನಾಲ್ಕು ಪುಟದ ಲೆಕ್ಕ. ದಾರಿಯುದ್ದಕ್ಕೂ ನನಗೆ ಸುಟ್ಟ ಕಾಗದದ ವಾಸನೆ ಬಂದಂತಾಗುತ್ತಿತ್ತು.

ಮೇಷ್ಟ್ರು ಕೆಂಪು ಪೆನ್ನು ತೆಗೆದರು. ದೊಡ್ಡದೇ ಹೊಂದುತ್ತದೆ ಅನ್ನುವ ಉತ್ತರ ಸರಿ, ಆದರೆ ಮೂರನೇ ಹಂತ ಹಾರಿಸಿದ್ದೀಯ ಅಂತ ಅರ್ಧ ಮಾರ್ಕು ಕಡಿಮೆ ಮಾಡಿದರು. ಆಮೇಲೆ ಒಂದು ಹಳೇ ಕ್ಯಾಸೆಟ್ ತಂದರು. ತೀರಿಹೋದ ಅವರ ತಂದೆ ಮನೆಯವರಿಗೆ ಸ್ತೋತ್ರ ಹೇಳಿಕೊಡುತ್ತಿದ್ದಾಗ ತುಂಬಿಸಿಕೊಂಡದ್ದು. ಈ ದನಿ ಸರಿಯಾಗಿ ಕೇಳಿಸಿದರೆ ಆಂಪ್ ಸರಿ ಅಂದರು.

ಮೊದಲು ಸ್ಪೀಕರನ್ನೂ ಅವರ ಕ್ಯಾಸೆಟ್ ಪ್ಲೇಯರನ್ನೂ ಸಣ್ಣದಕ್ಕೆ ಸಿಕ್ಕಿಸಿದೆ. ಆ ಹಿರಿಯರ ದನಿ ಬಾವಿಯೊಳಗಿಂದ ಬಂದಂತೆ ಬಂತು. ಮೇಷ್ಟ್ರು ಆರಾಮ ಕುರ್ಚಿಯಲ್ಲಿ ಒರಗಿ, ಕಾಲ ಮೇಲೆ ಕಾಲು ಹಾಕಿ, ಸ್ವಲ್ಪ ಸಪ್ಪೆ ಅಂದರು.

ಉಸಿರು ಬಿಗಿಹಿಡಿದು ದೊಡ್ಡದಕ್ಕೆ ಬದಲಿಸಿದೆ. ಕ್ಯಾಸೆಟ್ ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ದನಿ ನಮ್ಮ ಎದುರಿಗೇ ಕೂತಿತ್ತು. ಉಸಿರೆಳೆದದ್ದೂ ಕೇಳಿಸಿತು, ಪುಟ ಮಗುಚಿದ್ದೂ ಕೇಳಿಸಿತು. ಸ್ತೋತ್ರದ ನಡುವೆ ಆ ಹಿರಿಯರು ತಟ್ಟನೆ ನಿಂತರು. ಗಂಟಲು ಸರಿಮಾಡಿಕೊಂಡರು. ಆಮೇಲೆ, ಸಣ್ಣ ಆಂಪಿನಲ್ಲಿ ಕೇಳಿಸಿಯೇ ಇರದಷ್ಟು ಮೆಲ್ಲಗೆ, ಒಂದು ಮಾತು ಬಂತು.

"ಕಾಲು ಇಳಿಸಿ ಕೂಡು."

ಮೇಷ್ಟ್ರ ಕಾಲು ಇಳಿಯಿತು. ಕಾಲಷ್ಟೇ ಅಲ್ಲ, ಮೇಷ್ಟ್ರೇ ಎದ್ದು ನಿಂತರು. ಕೆಂಪು ಪೆನ್ನು ಬೆನ್ನ ಹಿಂದೆ ಹೋಯಿತು. ಮೂವತ್ತು ವರ್ಷ ನನ್ನನ್ನು ನಡುಗಿಸಿದವರು ನಡುಗುವುದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇವರಿಗೇ ಹೀಗಾದರೆ ನನ್ನ ಗತಿ ಏನು ಅಂತ ಇನ್ನಷ್ಟು ಹೆದರಿ ನಾನೂ ಕೈಕಟ್ಟಿದೆ. ಕ್ಯಾಸೆಟ್ಟಿನ ಆ ಬದಿ ಮುಗಿಯುವವರೆಗೆ ಇಬ್ಬರೂ ನಿಂತೇ ಇದ್ದೆವು.

ಮುಗಿದ ಮೇಲೆ ಮೇಷ್ಟ್ರು ಪಿಸುಮಾತಿನಲ್ಲಿ, ದನಿ ಅಗದೀ ಸರಿ ಬಂತು ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಹಾಗಾದರೆ ದೊಡ್ಡದನ್ನೇ ಬಿಟ್ಟು ಹೋಗಲೇ ಅಂದೆ.

"ಬ್ಯಾಡ. ಸಣ್ಣದು ಇಡು. ನಾ ಮನ್ಯಾಗ ಕೂತು ಕೇಳಬೇಕಲ್ಲ."

ಸ್ಪೀಕರ್ ಉಳಿಯಬೇಕೆಂದರೆ ಒಂದು ಮಾತು ಹೇಳಲೇಬೇಕಿತ್ತು. ಸಣ್ಣದನ್ನು ಜೋರು ಮಾಡಿದರೆ ಸ್ಪೀಕರ್ ಸುಡುತ್ತದೆ ಸರ್ ಅಂತ ಧೈರ್ಯ ಮಾಡಿ ಹೇಳಿದೆ. ಮೇಷ್ಟ್ರು ಸ್ಪೀಕರ್ ಕಡೆಗೊಮ್ಮೆ ನೋಡಿ, ಕುರ್ಚಿಯ ತುದಿಯಲ್ಲಿ ಎರಡೂ ಕಾಲು ಜೋಡಿಸಿ ಕೂತರು.

"ಅಪ್ಪನ್ನ ಜೋರು ಮಾಡೋ ಧೈರ್ಯ ಈ ಮನ್ಯಾಗ ಯಾರಿಗದ, ಹೇಳು."