ಮೇಜಿಗೆ ಮಟ್ಟ ಹಾಕಿದ ಪ್ರಸಂಗ

ಕೆಲವರಿಗೆ ಓರೆಯಾಗಿ ತೂಗುವ ಕ್ಯಾಲೆಂಡರ್ ಕಂಡರೆ ಆಗುವುದಿಲ್ಲ, ಕೆಲವರಿಗೆ ತೊಟ್ಟಿಕ್ಕುವ ನಲ್ಲಿ. ನನಗೆ ಅಲುಗಾಡುವ ವಸ್ತು ಕಂಡರೆ ಆಗುವುದಿಲ್ಲ. ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಅಳತೆ ನೋಡಿದವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ತುಂಡಿಗೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕೆ ಸರಿಸುವುದೇ ನನ್ನ ಕಸುಬಾಗಿತ್ತು. ಆ ವಿದ್ಯೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಸಂಶಯವಿದ್ದದ್ದು, ಇಂಥವನನ್ನು ಕಲಾವಿದರ ನಡುವೆ ಯಾಕೆ ಕೂರಿಸಿದರು ಎಂಬುದರ ಬಗ್ಗೆ ಮಾತ್ರ.

ನಮ್ಮ ಊರಿನ ಅಂಚಿನ ಕಾತ್ರಜದ ಆಚೆ, ಗುಡ್ಡದ ಮಗ್ಗುಲಲ್ಲಿ ಒಂದು ಹಳೆಯ ಬಂಗಲೆಯಿದೆ. ಬೇರೆ ಬೇರೆ ವಿದ್ಯೆಯ ನಾಲ್ವರನ್ನು ಅಲ್ಲಿ ಒಂದು ತಿಂಗಳು ಒಟ್ಟಿಗೆ ಇಟ್ಟು, ಏನು ಹುಟ್ಟುತ್ತದೋ ನೋಡುತ್ತಾರೆ. ಇದಕ್ಕೆ ರೆಸಿಡೆನ್ಸಿ ಎಂದು ಹೆಸರು. ಈ ಸಲ ಬೆಂಗಳೂರಿನ ಶಿಲ್ಪಿ ಮೇಘನಾ, ನೃತ್ಯ ಮಾಡುವ ಪ್ರಕಾಶ, ಹುಲ್ಲಿನ ಜಾತಿಗಳನ್ನು ಅಭ್ಯಾಸ ಮಾಡುವ ಜೋಶಿ ಕಾಕಾ, ಮತ್ತು ಹೊಸದಾಗಿ ನಿವೃತ್ತನಾದ ನಾನು. ಪತ್ರದಲ್ಲಿ ನನ್ನನ್ನು ‘ಚಿಂತಕ’ ಎಂದು ಕರೆದಿದ್ದರು. ನಾನದನ್ನು ಧನಕವಡಿಯ ನಮ್ಮ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದೆ. ಹೆಂಡತಿ ಶೈಲಾ ಕೊತ್ತಂಬರಿ ಸೋಸುತ್ತ, “ಚಿಂತಿ ಮಾಡೋರು ಬೇಕಾಗಿದ್ರ ನನ್ನ ಕರೀಬೇಕಿತ್ತು ಬಿಡ್ರಿ” ಎಂದಳು.

ಆ ಬಂಗಲೆಯಲ್ಲಿ ಒಂದು ವಿಚಿತ್ರ ನಿಯಮವಿತ್ತು. ಕೆಲಸ ಮುಗಿಯುವ ತನಕ ಯಾರೂ ತಮ್ಮ ಕೆಲಸ ಏನೆಂದು ಬಾಯಿಬಿಟ್ಟು ಹೇಳಬಾರದು. ಉಳಿದವರು ಜೊತೆಗಿದ್ದು, ನೋಡಿ ತಿಳಿಯಬೇಕು. ಪ್ರಕಾಶ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದ, ನಾನು ನೋಡುತ್ತಿದ್ದೆ. ಕಾಕಾ ಹುಲ್ಲಿನ ಮುಂದೆ ತಾಸುಗಟ್ಟಲೆ ಕುಕ್ಕರುಗಾಲಲ್ಲಿ ಕೂರುತ್ತಿದ್ದರು, ನಾನು ನೋಡುತ್ತಿದ್ದೆ. ನನ್ನನ್ನು ನೋಡಲು ಬಂದವರಿಗೆ ಮಾತ್ರ ತೋರಿಸಲು ಏನೂ ಇರಲಿಲ್ಲ. ಮೂರು ವಾರ ಹೀಗೆ ಉಂಡು, ಮಲಗಿ, ನೋಡಿ ಕಳೆದವು. ಜನ ಬಂದು ನೋಡುವ ದಿನ ಹತ್ತಿರವಾಯಿತು. ಶೈಲಾ ಕೂಡ ಬರುವವಳಿದ್ದಳು. ಅವಳೆದುರು ಬರಿಗೈಯಲ್ಲಿ ನಿಲ್ಲುವುದು ಹೇಗೆ?

ಆಗ ಕಣ್ಣಿಗೆ ಬಿದ್ದದ್ದು ಚಹಾದ ಮೇಜು. ವರಾಂಡದ ಆ ಮೇಜು ಮೊದಲ ದಿನದಿಂದಲೂ ಕುಣಿಯುತ್ತಿತ್ತು. ನಾನು ಒರಗಿದರೆ ಪ್ರಕಾಶನ ಕಪ್ಪು ಏಳುತ್ತಿತ್ತು, ಕಾಕಾ ಕೈ ತೆಗೆದರೆ ನನ್ನ ಚಹಾ ಚೆಲ್ಲುತ್ತಿತ್ತು. ಒಂದು ಕಾಲು ಗಿಡ್ಡ. ಇಷ್ಟು ಓದಿದವರಿಗೆ ಇಷ್ಟು ಕಾಣುವುದಿಲ್ಲವಲ್ಲ ಎಂದು ಮರುಕವಾಯಿತು. ನಾಳೆ ಜನ ಬರುತ್ತಾರೆ ಎನ್ನುವಾಗ, ಉಳಿದ ಮೂವರು ಬೆಳಗಿನ ತಿರುಗಾಟಕ್ಕೆ ಗುಡ್ಡ ಹತ್ತಿದ ಹೊತ್ತಿನಲ್ಲಿ, ನಾನು ಗರಗಸ, ಅರ, ಮಟ್ಟಗೋಲು ಹಿಡಿದು ಕೂತೆ. ಉದ್ದದ ಮೂರು ಕಾಲುಗಳನ್ನು ಗಿಡ್ಡ ಕಾಲಿನ ಸಮಕ್ಕೆ ಇಳಿಸಿದೆ. ಮಟ್ಟಗೋಲಿನ ಗುಳ್ಳೆ ನಟ್ಟನಡುವೆ ನಿಂತಿತು. ನಿಜ ಹೇಳುತ್ತೇನೆ, ಕಾರ್ಖಾನೆಯಲ್ಲೂ ಅಂಥ ಕೆಲಸ ನಾನು ಮಾಡಿರಲಿಲ್ಲ.

ಮೇಘನಾ ಬಂದವಳು ಮೇಜಿನ ಮೇಲೆ ಕೈಯೂರಿದಳು. ಇನ್ನೊಂದು ಮೂಲೆಗೂ ಊರಿದಳು. ಮೇಜು ಜಪ್ಪಯ್ಯ ಎನ್ನಲಿಲ್ಲ. ಅವಳ ಮುಖ ಬಿಳಿಚಿತು.

“ಅಂಕಲ್, ಇದನ್ನ ಯಾರು ಮಾಡಿದ್ದು?”

“ನಾನs! ಹ್ಯಾಂಗ ಕೂತದ ನೋಡವ್ವಾ” ಎಂದೆ, ಎದೆಯುಬ್ಬಿಸಿ.

“ಅಂಕಲ್, ಅದೇ ನನ್ನ ವರ್ಕ್. ಒಬ್ರು ಕೈ ತೆಗೆದ್ರೆ ಇನ್ನೊಬ್ರ ಟೀ ಚೆಲ್ಲಬೇಕು. ನಾಲ್ಕು ಜನ ಒಬ್ರನ್ನೊಬ್ರು ಗಮನಿಸ್ಕೊಂಡು ಕೂತ್ರೆ ಮಾತ್ರ ನಿಲ್ಲಬೇಕು. ಮೂರು ವಾರ ನಿಮ್ಮನ್ನೆಲ್ಲ ನೋಡಿ ನೋಡಿ ಆ ಕಾಲನ್ನ ದಿನಾ ಸ್ವಲ್ಪ ಸ್ವಲ್ಪ ಸೆಟ್ ಮಾಡಿದ್ದೆ.”

ಜೋಶಿ ಕಾಕಾ “ಅರೆ ದೇವಾ!” ಎಂದು ಮೆಟ್ಟಿಲ ಮೇಲೆ ಕೂತರು. ಆ ಹುಡುಗಿಯ ಕಣ್ಣಲ್ಲಿ ನೀರು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆದರೂ ಕೆಡಿಸಿದವನೇ ಸರಿ ಮಾಡಬೇಕಲ್ಲ. ಅಂದರೆ ಈಗ ಕೆಡಿಸಬೇಕು. ಬದುಕೆಲ್ಲ ತಪ್ಪನ್ನು ಹಿಡಿದವನು, ಕೂತು ಒಂದು ತಪ್ಪನ್ನು ತಯಾರಿಸಬೇಕಾಯಿತು. ನಾನು ಅಭ್ಯಾಸಬಲದಿಂದ ಅಳತೆಪಟ್ಟಿ ತೆಗೆದರೆ ಮೇಘನಾ ಕಸಿದುಕೊಂಡಳು. “ಅಳೀಬೇಡಿ ಅಂಕಲ್. ಕೂತು ನೋಡಿ.” ನಾನು ಒಂದು ಕಾಲಿಗೆ ನಾಲ್ಕು ಸಲ ಅರ ಎಳೆಯುವುದು, ನಾಲ್ವರೂ ಚಹಾ ಹಿಡಿದು ಸುತ್ತ ಕೂರುವುದು, ಪ್ರಕಾಶ ಕಣ್ಣು ಮುಚ್ಚಿ “ಇನ್ನೂ ಸ್ವಲ್ಪ” ಎನ್ನುವುದು, ಮತ್ತೆ ಅರ. ಹೀಗೆ ಸಂಜೆಯಾಗುವಾಗ ನನ್ನ ಚಹಾ ನನ್ನ ಮಡಿಲಿಗೇ ಚೆಲ್ಲಿತು. ಮೇಘನಾ ಚಪ್ಪಾಳೆ ತಟ್ಟಿದಳು. ಆ ತಿಂಗಳಲ್ಲಿ ನಾವು ನಾಲ್ವರೂ ಕೂಡಿ ಮಾಡಿದ ಕೆಲಸ ಅದೊಂದೇ.

ಮರುದಿನ ಬಂದವರೆಲ್ಲ ಪ್ರಕಾಶನ ಬಾಯಲ್ಲಿ ನನ್ನ ಗರಗಸದ ಕಥೆ ಕೇಳಿ, ಆ ಮೇಜಿನಲ್ಲಿ ಚಹಾ ಚೆಲ್ಲಿಕೊಂಡು ನಕ್ಕರು. ಕಡೆಗೆ, ಅದನ್ನೆಲ್ಲ ಕೇಳಿಸಿಕೊಂಡ ಶೈಲಾ ಬಂದು ಕೂತಳು. ಕೂತವಳೇ, ಯಾರೂ ಹೇಳದೆ, ಎಡಮೊಣಕೈಯನ್ನು ಒಂದು ಮೂಲೆಗೆ ಊರಿದಳು. ಮೇಜು ಬಂಡೆಯಂತೆ ನಿಂತಿತು. ಸುತ್ತಲಿದ್ದವರ ಯಾರ ಚಹಾವೂ ತುಳುಕಲಿಲ್ಲ.

“ಆಂಟಿ, ನಿಮಗೆ ಹೇಗೆ ಗೊತ್ತಾಯ್ತು?” ಎಂದಳು ಮೇಘನಾ.

“ಗೊತ್ತಾಗೋದೇನದ ಇದರಾಗ? ನಮ್ಮ ಮನೀ ಊಟದ ಮೇಜು ಹನ್ನೊಂದು ವರ್ಷದಿಂದ ಹಿಂಗs ಅದ, ನಾ ದಿನಾ ಹಿಂಗs ಮೊಣಕೈ ಊರಿ ಉಣ್ತೀನಿ. ರಿಪೇರಿ ಮಾಡ್ರಿ ಅಂದ್ರ, ಇವ್ರು ನಾಳೆ ಅಂತಾರ. ಇಲ್ಲಿ ಮಾತ್ರ ಯಾರೂ ಹೇಳದs ಮಾಡ್ಯಾರ ನೋಡ್ರಿ.”

ವರಾಂಡದಲ್ಲಿ ಎದ್ದ ನಗೆ ಗುಡ್ಡದ ತುದಿಗೂ ಕೇಳಿರಬೇಕು. ಮನೆಗೆ ಬಂದವನೇ ನಾನು ಗರಗಸದ ಚೀಲ ಬಿಚ್ಚಿದೆ. ಶೈಲಾ ಅದನ್ನು ಕಾಲಲ್ಲೇ ಪಕ್ಕಕ್ಕೆ ಸರಿಸಿ, “ನೀವು ಸರಿ ಮಾಡಿದ್ರ ಏನಾಗ್ತದಂತ ಅಲ್ಲೇ ಕೇಳೇನಿ. ಊಟಕ್ಕ ಕೂತಾಗ ನೀವೊಂದು ಕೈ ಇಡ್ರಿ, ಸಾಕು” ಎಂದಳು.

ಇಟ್ಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಎರಡೂ ಕೈಯಿಂದ ಕಡಕ್ ರೊಟ್ಟಿ ಮುರಿದು, ಪಟಪಟ ಸದ್ದು ಮಾಡುತ್ತ ಉಂಡಳು. ನನಗೋ, ಒಂದೇ ಕೈಯಲ್ಲಿ ರೊಟ್ಟಿ ಮುರಿಯುವ ವಿದ್ಯೆ ಇನ್ನೂ ಬಂದಿಲ್ಲ.